ಗಾಳಿ ಹಿಡಿದ ಕಾಲುವೆ

ನೀರು ಬರುವುದು ಇರುವೆಗಳಿಗೆ ಮೊದಲೇ ಗೊತ್ತಾಗುತ್ತದೆ ಎಂದು ನಮ್ಮೂರಲ್ಲಿ ಹೇಳುತ್ತಾರೆ. ಐದು ಸರದಿ ಕಾದು ಕುಳಿತು ನೋಡಿದ್ದೇನೆ, ಗೊತ್ತಾಗುವುದಿಲ್ಲ. ಕಾಲುವೆ ಬಂದ್ ಇದ್ದ ದಿನಗಳಲ್ಲಿ ತಳದ ಬಿರುಕಿನಲ್ಲಿ ಸಂಸಾರ ಹೂಡಿದ ಇರುವೆಗಳು ನೀರಿನ ಮುಂದಲೆ ಒಂದು ಮಾರು ದೂರಕ್ಕೆ ಬರುವ ತನಕ ಸಜ್ಜೆಯ ನುಚ್ಚು ಹೊರುತ್ತಲೇ ಇರುತ್ತವೆ. ಆಮೇಲೆ ದಿಕ್ಕೆಟ್ಟು ಓಡುತ್ತವೆ. ಗೊತ್ತಾಗುವುದು ಬೆಳ್ಳಕ್ಕಿಗೆ. ಅದು ಗದ್ದೆ ಬಿಟ್ಟು ಬಂದು ಕಾಲುವೆಯ ಏರಿಯ ಮೇಲೆ ನಿಂತಿತೆಂದರೆ ಮೇಲಿನ ಗೇಟು ಎತ್ತಿ ಬಹಳ ಹೊತ್ತಾಗಿಲ್ಲ ಎಂದು ಅರ್ಥ. ನೀರಿನ ಮುಂದಲೆಯ ಜೊತೆ ಅದೂ ಹೆಜ್ಜೆ ಹಾಕುತ್ತ, ಓಡುವ ಹುಳುಗಳನ್ನು ಆರಿಸುತ್ತ ಬರುತ್ತದೆ.

ಕಕ್ಕೇರಾದ ಹೊರಗೆ, ಲ್ಯಾಟರಲ್ ಕಾಲುವೆಯ ಕಾಂಕ್ರೀಟು ಮುಗಿದು ಹೊಲಗಾಲುವೆಯ ಮಣ್ಣು ಶುರುವಾಗುವ ಕಡೆ ನಾನು ಕೂಡುವ ಕಲ್ಲೊಂದಿದೆ. ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆಯ ನೀರು ಇಲ್ಲಿಗೆ ಮುಟ್ಟುವ ಹೊತ್ತಿಗೆ ಗುರುತು ಸಿಗದಷ್ಟು ಸೊರಗಿರುತ್ತದೆ. ಮುಖ್ಯ ಕಾಲುವೆ ಸುಮಾರು 78 ಕಿ.ಮೀ. ಉದ್ದ, ಸಾಮರ್ಥ್ಯ 10,000 ಕ್ಯೂಸೆಕ್. ಲೀಟರಿನಲ್ಲಿ ಹೇಳುವುದಾದರೆ ಸೆಕೆಂಡಿಗೆ 2.83 ಲಕ್ಷ. ಅದನ್ನು ವಿಸ್ತರಿಸಿ ಆಧುನಿಕಗೊಳಿಸಿದ ಯೋಜನೆಯನ್ನು 2023ರ ಜನವರಿ 19ರಂದು ಪ್ರಧಾನಿ ಇಲ್ಲೇ ಹತ್ತಿರದ ಕೊಡೇಕಲ್‌ಗೆ ಬಂದು ಉದ್ಘಾಟಿಸಿದರು. ನನ್ನ ಕಲ್ಲಿನ ಪಕ್ಕ ಹರಿಯುವುದು ಮೊಳ ಅಗಲ, ಗೇಣು ಆಳ. ಅದೂ ಚಾಲೂ ಇದ್ದ ದಿನ, ಮೇಲಿನ ಹೊಲದವರು ತೂಬಿಗೆ ಕಲ್ಲು ಕೊಡದೆ ಇದ್ದರೆ.

ಮುಂದಲೆ ಬರುವುದನ್ನು ಬಗ್ಗಿ ನೋಡಬೇಕು. ಮೊದಲು ನೊರೆ, ಹೊಟ್ಟು, ಗುಟಕಾ ಚೀಟಿ, ಜಾಲಿಯ ಒಣ ಕಾಯಿ. ಅದರ ಹಿಂದೆ ಚಹದ ಬಣ್ಣದ ನೀರು. ಎರೆ ಮಣ್ಣಿನ ಬಿರುಕಿನ ಬಾಯಿಗೆ ಅದು ಬಂದಾಗ ಏನಾಗುತ್ತದೆ ಎನ್ನುವುದನ್ನು ಎರಡು ವರ್ಷದಿಂದ ಬರೆದಿಡುತ್ತಿದ್ದೇನೆ. ಬಿರುಕು ಆಚೆ ಎಲ್ಲೋ ಇನ್ನೊಂದು ಬಾಯಿ ತೆರೆದಿದ್ದರೆ ನೀರು ಸದ್ದಿಲ್ಲದೆ ಇಳಿದುಬಿಡುತ್ತದೆ. ಒಂದೇ ಬಾಯಿ ಇದ್ದರೆ ಇಳಿಯುವುದಿಲ್ಲ. ಬಾಯಿಯ ಮೇಲೆ ತೊಗಲು ಬಿಗಿದಂತೆ ನಿಲ್ಲುತ್ತದೆ, ಒಳಗೆ ಗಾಳಿ. ಮೇಲೆ ನೀರು ಹರಿದುಹೋಗುತ್ತಿರುತ್ತದೆ, ಕೆಳಗೆ ಬಿರುಕಿನ ತಳ ಒಣಗಿಯೇ ಇರುತ್ತದೆ. ಎಷ್ಟೋ ಹೊತ್ತಿನ ಮೇಲೆ ಗುಳಕ್ ಎಂದು ಒಂದು ಗುಳ್ಳೆ. ಕೆಲವಕ್ಕೆ ಅದೂ ಇಲ್ಲ.

ಆ ನೋಟ್‌ಬುಕ್ಕಿನ ಹಿಂಬದಿಯ ಹಾಳೆಗಳಲ್ಲಿ ಇನ್ನೊಂದು ಕಾಲುವೆಯ ಟಿಪ್ಪಣಿ ಇದೆ. ಅದು ಹಲ್ಲಿನದು.

ನಮ್ಮ ಕಡೆ ನಾಲೆ ಎನ್ನುವ ಮಾತು ಓಡುವುದಿಲ್ಲ. ಕೆನಾಲು, ಡ್ಯಾಮು, ಲ್ಯಾಟರಲ್ಲು, ಟೇಲೆಂಡು. ಓದದವರ ಬಾಯಲ್ಲೂ ಇವೇ. ಹಾಗಾಗಿ ಕಲಬುರಗಿಯಲ್ಲಿ ದಂತ ವೈದ್ಯದ ಸ್ನಾತಕೋತ್ತರ ಓದುತ್ತಿರುವ ನನ್ನ ಅಣ್ಣನ ಮಗಳು ಸಂಕ್ರಮಣದ ರಜೆಗೆ ಬಂದಾಗ, ಪಡಸಾಲೆಯಲ್ಲಿ ಕೂತು ತನ್ನ ಕೆಲಸ ವಿವರಿಸಿದ್ದು ಕೇಳಿ ನಮ್ಮವ್ವನಿಗೆ ಏನೂ ಹೊಸದೆನಿಸಲಿಲ್ಲ. ಮೊದಲು ಡ್ಯಾಮ್ ಹಾಕಬೇಕು, ಆಮೇಲೆ ಕೆನಾಲ್ ತೆಗೀಬೇಕು, ಇರಿಗೇಶನ್ ಚೊಲೊ ಆಗಬೇಕು, ಲ್ಯಾಟರಲ್‌ಗೆ ನೀರು ಮುಟ್ಟಬೇಕು, ಟೇಲ್‌ಗೆ ಮುಟ್ಟೋದೇ ಕಷ್ಟ. ಅವ್ವ ಅಂದಳು: "ಇಷ್ಟು ಓದಿ ನೀರಾವರಿ ಆಫೀಸಿನಾಗೇ ನೌಕರಿ ಹಿಡದೇನು?"

ಈ ಡ್ಯಾಮು ರಬ್ಬರಿನ ತೆಳು ಹಾಳೆ. ಕೆಲಸ ಮಾಡುವ ಹಲ್ಲೊಂದನ್ನು ಮಾತ್ರ ತೂತಿನಿಂದ ಹೊರಗೆ ಬಿಟ್ಟು ಉಳಿದ ಬಾಯಿಯನ್ನು ಮುಚ್ಚುತ್ತದೆ. 1864ರಲ್ಲಿ ಬಾರ್ನಮ್ ಎಂಬ ಅಮೆರಿಕದ ದಂತವೈದ್ಯ ತಂದದ್ದು. ಅದರ ಕೆಲಸ ಎರಡು: ಉಗುಳು ಹಲ್ಲಿನೊಳಗೆ ಹೋಗಬಾರದು, ಹಲ್ಲಿಗೆ ಬಿಟ್ಟ ನೀರು ಗಂಟಲಿಗೆ ಹೋಗಬಾರದು. ನೀರು ಎಂದೆ. ನಿಜಕ್ಕೂ ಅದು ಸೋಡಿಯಂ ಹೈಪೊಕ್ಲೋರೈಟ್, ಪುರಸಭೆಯವರು ಟ್ಯಾಂಕಿಗೆ ಸುರಿಯುವ ಬ್ಲೀಚಿಂಗ್ ಪುಡಿಯ ದಾಯಾದಿ. ಮೊದಲ ಮಹಾಯುದ್ಧದ ಹೊತ್ತಿಗೆ ಡೇಕಿನ್ ಮತ್ತು ಕ್ಯಾರೆಲ್ ಸೈನಿಕರ ಕೊಳೆತ ಗಾಯ ತೊಳೆಯಲು 0.5 ಪ್ರತಿಶತದ ದ್ರಾವಣ ಬಳಸಿದರು. ಹಲ್ಲಿನವರು ಅದನ್ನು ಎತ್ತಿಕೊಂಡು ಈಗ 5 ಪ್ರತಿಶತ ದಾಟಿದ್ದಾರೆ.

ನನಗೆ ಈ ಕಾಲುವೆಯ ಮೇಲೆ ಸಿಟ್ಟಿತ್ತು. ಆರು ವರ್ಷದ ಹಿಂದೆ ಕೆಳಗಿನ ಎಡದವಡೆಯ ಮೊದಲ ದೊಡ್ಡ ಹಲ್ಲಿಗೆ ಒಂದು ಊರಲ್ಲಿ ರೂಟ್ ಕೆನಾಲ್ ಮಾಡಿಸಿದ್ದೆ. ಯಾವ ಊರು, ಯಾರು ಎಂಬುದು ಬೇಡ. ಡ್ಯಾಮು ಹಾಕಿದ ನೆನಪಿಲ್ಲ. ಸಿರಿಂಜಿನಿಂದ ಎರಡು ಸಲ ಪಿಚಕಾರಿ ಹೊಡೆದು, ಉಗುಳಿ ಬಾ ಅಂದದ್ದು ನೆನಪಿದೆ. ನಾಲ್ಕು ವರ್ಷ ಖಡಕ್ ರೊಟ್ಟಿ ಅಗಿಯಿತು. ಆಮೇಲೆ ಮುಖ ಊದಿ, ಕೀಳಿಸಬೇಕಾಯಿತು. ಕಿತ್ತ ಹಲ್ಲನ್ನು ನಾನು ಎಸೆಯಲಿಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವನಿಗೆ ಕೈಗೆ ಬಂದ ಮಾದರಿ ಎಸೆಯಲು ಬರುವುದಿಲ್ಲ. ಹಿಂದಿನ ರಜೆಯಲ್ಲಿ ಅದನ್ನು ಅಣ್ಣನ ಮಗಳ ಕೈಗೆ ಕೊಟ್ಟಿದ್ದೆ.

ಈ ಸಲ ಅವಳು ಅದನ್ನು ವಾಪಸು ತಂದಿದ್ದಳು. ಜೊತೆಗೆ ಬೇರೆಯವರ ಒಂಬತ್ತು ಹಲ್ಲು, ಹೆಸರಿಲ್ಲದವು, ಸಣ್ಣ ಸಣ್ಣ ಗಾಜಿನ ಶೀಶೆಗಳಲ್ಲಿ. ಶೀಶೆ ತೆರೆದರೆ ಮೊಣಕಾಲಿಗೆ ಹಚ್ಚುವ ಮುಲಾಮಿನ ವಾಸನೆ. ಮೀಥೈಲ್ ಸ್ಯಾಲಿಸಿಲೇಟ್. ಒಳಗಿದ್ದ ಹಲ್ಲುಗಳು ಕಾಣಿಸಲಿಲ್ಲ. ಬೆಳಕಿಗೆ ಹಿಡಿದು ಓರೆ ಮಾಡಿದಾಗ ಜೇನಿನ ಬಣ್ಣದ ಅಂಚೊಂದು ಕಂಡಿತು. ಹಲ್ಲು ಗಾಜಾಗಿತ್ತು.

ಹಲ್ಲನ್ನು ಗಾಜು ಮಾಡುವ ವಿದ್ಯೆ ಹಳೆಯದು. 5 ಪ್ರತಿಶತದ ನೈಟ್ರಿಕ್ ಆಮ್ಲದಲ್ಲಿ ಮೂರು ದಿನ, ದಿನವೂ ಆಮ್ಲ ಬದಲಿಸುತ್ತ. ಸುಣ್ಣದಂಶ ಎಲ್ಲ ಹೋಗಿ ಹಲ್ಲು ರಬ್ಬರಿನಂತಾಗುತ್ತದೆ. ಆಮೇಲೆ ತೊಳೆದು, ಆಲ್ಕೊಹಾಲಿನಲ್ಲಿ ನೀರು ಹಿಂಗಿಸಿ, ಕೊನೆಗೆ ಈ ಎಣ್ಣೆ. ಹೀಗೆ ಮಾಡಿದಾಗ ಎನಾಮಲ್ ಪೂರಾ ಕರಗಿಹೋಗುತ್ತದೆ, ಉಳಿಯುವುದು ಡೆಂಟಿನ್ನಿನ ಹಂದರ. ಇದು ಕೇಳಿ ನನಗೆ ತುಸು ಕಸಿವಿಸಿಯಾಯಿತು. ಇಲ್ಲೇ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಆದಿಮಾನವರ ಕಲ್ಲಿನ ಆಯುಧಗಳ ಕಾರ್ಖಾನೆ ಅಗೆದಾಗ, ಅದಕ್ಕೆ ಸುಮಾರು 12 ಲಕ್ಷ ವರ್ಷ ವಯಸ್ಸು ಎಂದು ತೋರಿಸಿಕೊಟ್ಟದ್ದು ಅಲ್ಲಿ ಸಿಕ್ಕ ಮೇವು ತಿನ್ನುವ ಪ್ರಾಣಿಯ ಹಲ್ಲಿನ ಎನಾಮಲ್. ಅಷ್ಟು ಮಳೆಗಾಲ ತಡೆದ ವಸ್ತು ಶೀಶೆಯಲ್ಲಿ ಮೂರು ದಿನಕ್ಕೆ ಇಲ್ಲ.

ಗಾಜಾದ ಹಲ್ಲಿನೊಳಗೆ ಮಸಿ ಬಿಟ್ಟು ನೋಡಿದ ಮೇಲೆ ರೂಟ್ ಕೆನಾಲ್ ಎಂಬ ಏಕವಚನವೇ ತಪ್ಪು ಎನಿಸಿತು. ಕೆನಾಲ್ ಅಂದರೆ ಒಂದು ಕೊಳವೆ ಎಂದು ನಾನು ಪಾಠ ಮಾಡಿದ್ದೆ. ಅಲ್ಲಿ ಕಂಡದ್ದು ಮಳೆಗಾಲದಲ್ಲಿ ಹಳ್ಳ ಹೊಳೆ ಸೇರುವ ಕಡೆಯ ನೆಲ. ಎರಡು ಕಾಲುವೆ, ನಡುವೆ ತೆಳ್ಳಗಿನ ಪರದೆಯಂಥ ಸಂದು, ಅಲ್ಲಲ್ಲಿ ಬದಿಗೆ ಕೂದಲೆಳೆಯ ಕವಲು, ತುದಿಯಲ್ಲಿ ಎರಡು ಮೂರು ಸೀಳು. 1917ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ವಾಲ್ಟರ್ ಹೆಸ್ ಸಾವಿರಾರು ಹಲ್ಲುಗಳಿಗೆ ರಬ್ಬರು ಒತ್ತಿ ಎರಕ ತೆಗೆದು ಇದನ್ನೇ ತೋರಿಸಿದ್ದ. 1984ರಲ್ಲಿ ವರ್ಟುಚ್ಚಿ 2,400 ಹಲ್ಲುಗಳನ್ನು ಪಾರದರ್ಶಕ ಮಾಡಿ ಎಂಟು ಬಗೆ ಎಂದು ವಿಂಗಡಿಸಿದ. ಇದೆಲ್ಲಕ್ಕೂ ಹಿಡಿಯುವ ಜಾಗ ಎಷ್ಟು? ದೊಡ್ಡವರ ಒಂದು ಹಲ್ಲಿನ ತಿರುಳು ಸರಾಸರಿ 0.02 ಮಿ.ಲೀ., ಅರ್ಧ ಹನಿಗೂ ಕಡಿಮೆ. ಮೂವತ್ತೆರಡೂ ಹಲ್ಲಿನದು ಸೇರಿಸಿದರೂ ಒಂದು ಮಿ.ಲೀ. ತುಂಬುವುದಿಲ್ಲ. ನೋಟ್‌ಬುಕ್ಕಿನ ಮುಂಬದಿಯಲ್ಲಿ ಕ್ಯೂಸೆಕ್, ಹಿಂಬದಿಯಲ್ಲಿ ಅರ್ಧ ಹನಿ.

ಈ ಸಂದುಗೊಂದಿಯೊಳಗೆ ಫೈಲು ಹೋಗುವುದಿಲ್ಲ. ಫೈಲು ಅಂದರೆ ಹಲ್ಲಿನವರ ಅರ, ಸೂಜಿಯಷ್ಟು ಸಣ್ಣದು. ಅದು ದುಂಡಗೆ ಕೊರೆಯುತ್ತದೆ, ಕಾಲುವೆ ದುಂಡಗಿಲ್ಲ. 2001ರಲ್ಲಿ ಪೀಟರ್ಸ್ ಮತ್ತು ಸಂಗಡಿಗರು ಸೂಕ್ಷ್ಮ ಸಿ.ಟಿ. ಯಂತ್ರದಲ್ಲಿ ನೋಡಿ, ಯಾವ ಬಗೆಯ ಫೈಲು ಬಳಸಿದರೂ ಕಾಲುವೆಯ ಗೋಡೆಯಲ್ಲಿ 35 ಪ್ರತಿಶತವೋ ಇನ್ನೂ ಹೆಚ್ಚೋ ಮುಟ್ಟದೇ ಉಳಿಯುತ್ತದೆ ಎಂದು ಕಂಡರು. ಮುಟ್ಟದ್ದನ್ನು ನೀರೇ ಮುಟ್ಟಬೇಕು. ಹೈಪೊಕ್ಲೋರೈಟ್ ಸತ್ತ ತಿರುಳನ್ನು ಕರಗಿಸುತ್ತದೆ. ಫೈಲು ಉಜ್ಜಿದಾಗ ಗೋಡೆಗೆ ಮೆತ್ತಿದ ಪುಡಿಯ ಲೇಪವನ್ನು ಇ.ಡಿ.ಟಿ.ಎ. ಎನ್ನುವ ಇನ್ನೊಂದು ದ್ರಾವಣ, 17 ಪ್ರತಿಶತದ್ದು, ಬಿಡಿಸುತ್ತದೆ. ಎರಡನ್ನೂ ಒಟ್ಟಿಗೆ ಬೆರೆಸಿದರೆ ಹೈಪೊಕ್ಲೋರೈಟಿನ ಕ್ಲೋರಿನ್ ಸತ್ತುಹೋಗುತ್ತದೆ. ಅದಕ್ಕೆ ಒಂದಾದ ಮೇಲೊಂದು.

ಕರಗಿಸುವುದನ್ನು ನೋಡಿದೆ. ಅಡುಗೆಮನೆಯಿಂದ ಮಟನ್ನಿನ ನೂಲಿನಂಥ ಎಳೆ ಎರಡು ತಂದು ಎರಡು ಮುಚ್ಚಳದಲ್ಲಿ ಹಾಕಿ ಹೈಪೊಕ್ಲೋರೈಟ್ ಬಿಟ್ಟೆವು. ಒಂದನ್ನು ಹಾಗೇ ಬಿಟ್ಟು, ಇನ್ನೊಂದನ್ನು ಅವಳು ಹಲ್ಲುಕಡ್ಡಿಯಿಂದ ಅಲುಗಾಡಿಸುತ್ತಿದ್ದಳು. ಸುಮ್ಮನೆ ಬಿಟ್ಟ ಎಳೆಯ ಮೈಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕೂತವು, ಕೂತೇ ಇದ್ದವು. ಗುಳ್ಳೆಯ ಕವಚದ ಕೆಳಗೆ ದ್ರಾವಣ ಹೋಗುತ್ತಿರಲಿಲ್ಲ. ಅಲುಗಾಡಿಸಿದ ಎಳೆ ನೊರೆಯಾಗಿ ಸವೆಯುತ್ತ ಬಂತು. ಬಿಸಿಯೂ ಕೆಲಸ ಮಾಡುತ್ತದಂತೆ: 45 ಡಿಗ್ರಿಯಲ್ಲಿಟ್ಟ 1 ಪ್ರತಿಶತದ ದ್ರಾವಣ 20 ಡಿಗ್ರಿಯ 5.25 ಪ್ರತಿಶತದಷ್ಟೇ ತಿರುಳು ಕರಗಿಸಿತು ಎಂದು 2005ರ ಒಂದು ಅಧ್ಯಯನ. ಹಾಗಾದರೆ ನಮ್ಮೂರಿನ ಏಪ್ರಿಲ್‌ನಲ್ಲಿ ಬಾಟಲಿ ಬಿಸಿಲಿಗಿಟ್ಟರೆ ಸಾಕಲ್ಲ ಅಂದೆ. "ಬಿಸಲಿಗೆ ಇಟ್ಟರ ನಾಕು ದಿನದಾಗ ಬರೀ ಉಪ್ಪುನೀರು ಉಳಿತದ, ಕಾಕಾ. ಹಲ್ಲಿಗೆ ಬಿಡೋ ಹೊತ್ತಿಗೆ ಬಿಸಿ ಮಾಡಬೇಕು." ಕ್ಲೋರಿನ್ನಿನ ದ್ರಾವಣಕ್ಕೆ ಬಿಸಿಲೂ ಸೆಕೆಯೂ ಆಗಿಬರುವುದಿಲ್ಲ.

(ಹಲ್ಲಿನ ಹುಳದ ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಂತೆಯಲ್ಲಿ ಹಲ್ಲಿನ ಹುಳ ತೆಗೆಯುವವರನ್ನು ಸಣ್ಣವನಿದ್ದಾಗ ನೋಡಿದ್ದೆ, ಮೋಸ ಎಂದು ದೊಡ್ಡವನಾದ ಮೇಲೆ ಪಾಠ ಹೇಳಿದ್ದೆ. ಹಲ್ಲಿನಿಂದ ಆಗತಾನೆ ಹೊರಗೆಳೆದ ತಿರುಳಿನ ಫೋಟೊ ಅವಳ ಮೊಬೈಲಿನಲ್ಲಿ ಕಂಡೆ. ಗುಲಾಬಿ ಬಣ್ಣದ, ತುದಿ ಚೂಪಾದ, ಶ್ಯಾವಿಗೆಯಂಥ ಎಳೆ. ಮೋಸ ಮೋಸವೇ. ಆದರೆ ಹುಳ ಎಂದು ಮೊದಲು ಅಂದವನು ಸುಳ್ಳು ಹೇಳಿರಲಿಕ್ಕಿಲ್ಲ.)

ತುದಿಗೆ ನೀರು ಮುಟ್ಟಿಸುವ ಸೂಜಿ, ಯಂತ್ರಗಳ ಹೋಲಿಕೆ ಶುರು ಮಾಡಿದ್ದು ಮರುದಿನ ಮುಂಜಾನೆ. ಬಿಳಿ ಹಾಳೆಯ ಹಿಂದೆ ಟಾರ್ಚು, ಮುಂದೆ ಗಾಜಿನ ಹಲ್ಲು, ಪಕ್ಕಕ್ಕೆ ಗ್ರಾಫ್ ಕಾಗದ. ಮೊದಲನೆಯದು ಸಾದಾ ಸಿರಿಂಜು, 30 ಗೇಜಿನ ಸೂಜಿ. ಅದರ ಹೊರಗಿನ ದಪ್ಪ ಸುಮಾರು 0.31 ಮಿ.ಮೀ. ಸೂಜಿಯಲ್ಲಿ ಎರಡು ಜಾತಿ. ಒಂದಕ್ಕೆ ತುದಿಯಲ್ಲಿ ಬಾಯಿ, ಇನ್ನೊಂದಕ್ಕೆ ತುದಿ ಮುಚ್ಚಿ ಪಕ್ಕದಲ್ಲಿ ಕಿಟಕಿ. ಕಿಟಕಿಯದರಿಂದ ಮಸಿನೀರು ಬಿಟ್ಟಳು. ಕಪ್ಪು ಸರ್ರನೆ ಇಳಿದು ಬೇರಿನ ತುದಿಯಿಂದ ಹನಿಯಾಗಿ ಹೊರಗೆ ಬಿತ್ತು. ಇಷ್ಟು ಸಲೀಸಿದ್ದರೆ ಯಂತ್ರಗಳು ಯಾಕೆ ಬೇಕು? ನಾನು ಪುಸ್ತಕದಲ್ಲಿ ಸಮಯ ಬರೆದು, ಸೂಜಿಯೇ ಸಾಕು ಎಂದು ಒಂದು ಗೆರೆ ಎಳೆದೆ.

ಅವಳು ನಕ್ಕು, ದೇವರ ಮುಂದಿನ ಮೇಣದಬತ್ತಿ ತಂದು, ಬೇರಿನ ತುದಿಗೆ ಒಂದು ಹನಿ ಮೇಣ ಮುಟ್ಟಿಸಿದಳು.

"ಬಾಯಾಗ ಹಲ್ಲು ಹಿಂಗ ಇರ್ತದ, ಕಾಕಾ. ಸುತ್ತಲೂ ಎಲುಬು. ತಳಕ್ಕ ಬಾಗಿಲಿಲ್ಲ."

ಕಾಗದದ ಕಡ್ಡಿಯಿಂದ ಒಳಗೆಲ್ಲ ಒಣಗಿಸಿ, ಅದೇ ಸೂಜಿ, ಅದೇ ಒತ್ತಡ. ಮಸಿ ಇಳಿಯಿತು. ಸೂಜಿಯ ತುದಿ ದಾಟಿ ಗ್ರಾಫಿನಲ್ಲಿ ಒಂದು ಮನೆಯಷ್ಟು, ಒಂದು ಮಿಲಿಮೀಟರು ಹೋಗಿ ನಿಂತಿತು. ಕೆಳಗೆ ಮೂರು ಮಿಲಿಮೀಟರು ಬೆಳ್ಳಿಯಂತೆ ಹೊಳೆಯುವ ಒಂದು ಉದ್ದನೆಯ ಗುಳ್ಳೆ. ಭೂತಗನ್ನಡಿಯಲ್ಲಿ ನೋಡಿದೆ. ಮಸಿಯ ತುದಿ ಒಳಕ್ಕೆ ಬಗ್ಗಿ, ಬಟ್ಟಲಿನಂತೆ ನಿಂತಿತ್ತು. ಇನ್ನೂ 5 ಮಿ.ಲೀ. ಬಿಟ್ಟಳು. ಬಿಟ್ಟದ್ದೆಲ್ಲ ಮೇಲಕ್ಕೆ ಉಕ್ಕಿ ಹೊರಗೆ ಬಂತು. ಗುಳ್ಳೆ ಕದಲಲಿಲ್ಲ. ನಾನು ಎಳೆದ ಗೆರೆಯ ಮೇಲೆ ಇನ್ನೊಂದು ಅಡ್ಡಗೆರೆ ಎಳೆದೆ.

ಜೀವಶಾಸ್ತ್ರದವನಿಗೆ ನಾಚಿಕೆಯಾಗಬೇಕಾದ ತಪ್ಪು ಇದು. ಶೀಶೆಯೊಳಗಿನ ಕಪ್ಪೆ ನೋಡಿ ಕೆರೆಯ ಕಪ್ಪೆಯ ಬಗ್ಗೆ ಬರೆದಂತೆ. ಹಲ್ಲಿನವರೂ ಬಹಳ ಕಾಲ ಈ ತಪ್ಪಿನಲ್ಲಿದ್ದರು. ಮೇಜಿನ ಮೇಲೆ ತುದಿ ತೆರೆದ ಹಲ್ಲಿನಲ್ಲಿ ಪರೀಕ್ಷೆ ಮಾಡಿದವರಿಗೆ ಸೂಜಿ ಪಾಸಾಗುತ್ತಿತ್ತು. 1971ರಲ್ಲೇ ಸೆನಿಯಾ ಮತ್ತು ಸಂಗಡಿಗರು ತುದಿಯ ಮೂರು ಮಿಲಿಮೀಟರಿಗೆ ಹೈಪೊಕ್ಲೋರೈಟು ಸರಿಯಾಗಿ ತಲುಪುವುದಿಲ್ಲ ಎಂದಿದ್ದರು. 1983ರಲ್ಲಿ ಚೌ ಎಂಬಾತ ಸೂಜಿಯ ತುದಿ ದಾಟಿ ನೀರು ಬಹಳ ದೂರ ಕೆಲಸ ಮಾಡುವುದಿಲ್ಲ ಎಂದು ತೋರಿಸಿದ. 2010ರಲ್ಲಿ ಟೇ ಮತ್ತವರ ಸಂಗಡಿಗರು ತುದಿ ತೆರೆದ ಹಲ್ಲು, ಮುಚ್ಚಿದ ಹಲ್ಲು ಎರಡನ್ನೂ ಪಕ್ಕದಲ್ಲಿಟ್ಟು ಈ ಗಾಳಿಗುಳ್ಳೆಯನ್ನು ಹಿಡಿದುಕೊಟ್ಟರು. ಈಗ ಯಾರಾದರೂ ಯಂತ್ರವೊಂದು ಮೇಲು ಎಂದು ಲೆಕ್ಕ ತೋರಿಸಿದರೆ ಅಣ್ಣನ ಮಗಳು ಮೊದಲು ಹುಡುಕುವುದು ತುದಿ ಮುಚ್ಚಿತ್ತೋ ಇಲ್ಲವೋ ಎಂಬ ಒಂದು ಸಾಲು. ಆ ಸಾಲಿಲ್ಲದಿದ್ದರೆ ಮುಂದಕ್ಕೆ ಓದುವುದಿಲ್ಲವಂತೆ. ನಮ್ಮ ಹಲ್ಲು ಎಣ್ಣೆ ಕುಡಿದದ್ದು, ಅದೂ ಅಸಲಿ ಹಲ್ಲಿನ ಹಾಗಲ್ಲ ಎಂದೂ ಅವಳೇ ಎಚ್ಚರಿಸಿದಳು.

ಅಷ್ಟರಲ್ಲಿ ಪಂಪ್‌ಸೆಟ್ಟು ರಿಪೇರಿ ಮಾಡುವ ನೆರೆಯವ ಚಹಕ್ಕೆ ಬಂದ. ಮೂವರೂ ಒಂದು ಹಲ್ಲಿನ ಮುಂದೆ ಬಗ್ಗಿ ಕೂತೆವು. ಭೂತಗನ್ನಡಿ ಹಿಡಿದು ಒಂದು ಗಳಿಗೆ ನೋಡಿದ.

"ಇದರಾಗ ಏನದ ಮಾಸ್ತರ್ರಿ, ಗಾಳಿ ಹಿಡದದ. ಮ್ಯಾಲಿಂದ ಎಷ್ಟು ದಬ್ಬಿದರೂ ಹೋಗಂಗಿಲ್ಲ. ಬುಡಕ್ಕ ಕೊಳವಿ ಇಟ್ಟು ಜಗ್ಗಬೇಕು, ತಾನೇ ಬರ್ತದ."

ಅವಳು ಚಹದ ಕಪ್ಪು ಕೆಳಗಿಟ್ಟಳು. ಅಮೆರಿಕದಲ್ಲಿ ಷೋಫೆಲ್ ಎಂಬ ದಂತವೈದ್ಯ ಎಂಡೋವ್ಯಾಕ್ ಎಂಬ ಉಪಕರಣ ಮಾಡಿದ್ದು ಇದೇ ತತ್ವದ ಮೇಲೆ. ದ್ರಾವಣವನ್ನು ಹಲ್ಲಿನ ಬಾಯಿಗೆ ಸುರಿಯುವುದು, ತುದಿಯಲ್ಲಿಟ್ಟ ಸಣ್ಣ ಕೊಳವೆಯಿಂದ ಹೀರುವುದು. ಹೀರಿದಾಗ ಗಾಳಿ ಮೊದಲು ಹೋಗುತ್ತದೆ, ಅದರ ಜಾಗಕ್ಕೆ ನೀರು ತಾನೇ ಇಳಿಯುತ್ತದೆ. ಕೊಳವೆಯ ದಪ್ಪ 0.32 ಮಿ.ಮೀ., ತುದಿ ಮುಚ್ಚಿದ್ದು, ಪಕ್ಕದಲ್ಲಿ 12 ಸೂಕ್ಷ್ಮ ರಂಧ್ರ. ನಮ್ಮ ಹತ್ತಿರ ಅದಿರಲಿಲ್ಲ. ಸಾದಾ ಸೂಜಿಯನ್ನು ತುದಿಯ ತನಕ ಇಳಿಸಿ ಸಿರಿಂಜಿನ ದಿಂಡು ಹಿಂದಕ್ಕೆಳೆದಳು, ನಾನು ಮೇಲಿಂದ ಮಸಿ ಹನಿಸಿದೆ. ಗುಳ್ಳೆ ಒಮ್ಮೆ ನಡುಗಿತು, ಗಿಡ್ಡಾಯಿತು, ಮಾಯವಾಯಿತು. ಕಪ್ಪು ಮೇಣಕ್ಕೆ ಮುಟ್ಟಿತು. ಎರಡನೇ ಸಲ ಮಾಡಿದಾಗ ಸೂಜಿಯ ಬಾಯಿಗೆ ಕಸ ಸಿಕ್ಕಿ ಕಟ್ಟಿತು. ಹನ್ನೆರಡು ರಂಧ್ರ ಯಾಕೆ ಬೇಕಾದವು ಎಂದು ಆಗ ತಿಳಿಯಿತು. ಕಾಲುವೆಯ ತೂಬಿಗೂ ಜಾಲರಿ ಇಡುತ್ತಾರೆ. ಇಟ್ಟ ವಾರಕ್ಕೆ ಯಾರೋ ಕಿತ್ತು ಒಯ್ಯುತ್ತಾರೆ, ಅದು ಬೇರೆ ಮಾತು.

ನೆರೆಯವ ಹೋಗುವಾಗ ಹಲ್ಲಿಗೂ ಫುಟ್‌ವಾಲ್ವ್ ಕೂಡಿಸಬೇಕು ಎಂದ. ಅದು ತಪ್ಪು. ಫುಟ್‌ವಾಲ್ವ್ ಇರುವುದು ನೀರು ವಾಪಸು ಇಳಿಯದಂತೆ ತಡೆಯಲು, ಇಲ್ಲಿ ನೀರು ಇಳಿಯಬೇಕು.

ಹೀರುವ ಕ್ರಮದ ಬಗ್ಗೆ ಒಂದು ಅಂಕಿ ನನಗೆ ಹಿಡಿಸಿತು. 2007ರಲ್ಲಿ ನೀಲ್ಸನ್ ಮತ್ತು ಬಾಮ್‌ಗಾರ್ಟ್ನರ್ ಇದನ್ನು ಸೂಜಿಯ ಜೊತೆ ಹೋಲಿಸಿ, ಹಲ್ಲನ್ನು ಅಡ್ಡ ಕೊಯ್ದು ನೋಡಿದರು. ಕೆಲಸ ಮಾಡಿದ ಆಳದಿಂದ ಒಂದು ಮಿಲಿಮೀಟರು ಮೇಲೆ ಹೀರಿದ ಹಲ್ಲು ಸ್ಪಷ್ಟವಾಗಿ ಸ್ವಚ್ಛ. ಮೂರು ಮಿಲಿಮೀಟರು ಮೇಲೆ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಇಡೀ ಜಗಳ ಎರಡು ಮಿಲಿಮೀಟರಿನದು. ಮೇಲಿನ ಹೊಲದವರಿಗೆ ಯಾವ ಪದ್ಧತಿಯಾದರೂ ನಡೆಯುತ್ತದೆ.

ಮಧ್ಯಾಹ್ನ ಅಲ್ಟ್ರಾಸೋನಿಕ್ ಯಂತ್ರ ತೆಗೆದಳು, ಹಲ್ಲಿನ ಕಲ್ಲು ತೆಗೆಯುವಂಥದ್ದೇ, ಸಣ್ಣದು. ತುದಿಗೆ 0.15 ಮಿ.ಮೀ.ನ ನಯವಾದ ತಂತಿ. ಸೆಕೆಂಡಿಗೆ 25ರಿಂದ 30 ಸಾವಿರ ಸಲ ನಡುಗುತ್ತದೆ. ನಡುಗುವುದು ಕಣ್ಣಿಗೆ ಕಾಣುವುದಿಲ್ಲ, ತಂತಿ ತುಸು ಮಸುಕಾದಂತೆ ಕಾಣುತ್ತದೆ ಅಷ್ಟೆ. ಮಸಿ ತುಂಬಿದ ಕಾಲುವೆಯ ನಡುವೆ, ಗೋಡೆಗೆ ತಾಗದ ಹಾಗೆ ಹಿಡಿದಳು. ಮಸಿ ಹೊಗೆಯಂತೆ ಸುರುಳಿ ಸುತ್ತಿತು. ಅಲ್ಲಿಯ ತನಕ ಎಲ್ಲೂ ಕಾಣದಿದ್ದ ಒಂದು ಕವಲು, ಬೇರಿನ ನಡುವಿನಿಂದ ಬದಿಗೆ ಹೋದ ಕೂದಲೆಳೆ, ಒಮ್ಮೆಲೇ ಕಪ್ಪಾಗಿ ಮೂಡಿತು. ನಾನು ಕೂಗಿಯೇಬಿಟ್ಟೆ. ಮಿಂಚುಳ್ಳಿ ಮೀನು ಹಿಡಿದಾಗಲೂ ಅಷ್ಟು ಕೂಗಿರಲಿಲ್ಲ. ಇನ್ನೊಂದು ಹಲ್ಲಿಗೆ ತಂತಿ ಇಳಿಸುವಷ್ಟರಲ್ಲಿ ಕರೆಂಟು ಹೋಯಿತು.

ಕರೆಂಟು ಮೂರು ತಾಸು ಬರಲಿಲ್ಲ. ಬಡವರ ಯಂತ್ರ ತೋರಿಸ್ತೀನಿ ಎಂದು ಗಟ್ಟಾ ಪರ್ಚಾ ಕಡ್ಡಿ ತೆಗೆದಳು. ಕಾಲುವೆ ತುಂಬಲು ಬಳಸುವ ಗುಲಾಬಿ ರಬ್ಬರ್ ಕಡ್ಡಿ. ಕಾಲುವೆಗೆ ಬಿಗಿಯಾಗಿ ಕೂಡುವಂಥದ್ದನ್ನು ಆರಿಸಿ, ಮಸಿಯೊಳಗೆ ಎರಡು ಮೂರು ಮಿಲಿಮೀಟರು ಮೇಲೆ ಕೆಳಗೆ ಆಡಿಸುತ್ತ ಹೋದಳು, ನಿಮಿಷಕ್ಕೆ ನೂರು ಸಲ. ಒಳಕ್ಕೆ ಹೋಗುವಾಗ ಕಡ್ಡಿ ಗುಳ್ಳೆಯ ಜಾಗ ಹಿಡಿಯುತ್ತದೆ, ಮೇಲೆ ಬರುವಾಗ ಆ ಜಾಗಕ್ಕೆ ಮಸಿ ನುಗ್ಗುತ್ತದೆ. ಅರವತ್ತನೆಯ ಸಲಕ್ಕೆ ಗುಳ್ಳೆ ಎರಡಾಗಿ ಒಡೆಯಿತು. ತೊಂಬತ್ತಕ್ಕೆ ಒಂದೂ ಉಳಿಯಲಿಲ್ಲ. ಖರ್ಚು ಒಂದು ಕಡ್ಡಿ. ಬೆರಳು ನೋಯುತ್ತದೆ, ಸಾಲಿನಲ್ಲಿ ಹದಿನೈದು ರೋಗಿಗಳು ಕಾಯುತ್ತಿದ್ದರೆ ನೂರು ಎಣಿಸುವ ವ್ಯವಧಾನ ಯಾರಿಗಿರುತ್ತದೆ ಎಂದು ಅವಳೇ ಅಂದಳು. ಬ್ಯಾಟರಿಯಿಂದ ನಡೆಯುವ, ಪ್ಲಾಸ್ಟಿಕ್ ತುದಿಯ ಸೋನಿಕ್ ಉಪಕರಣವೂ ಇದೆ, ನಿಮಿಷಕ್ಕೆ ಹತ್ತು ಸಾವಿರದ ತನಕ. ಲೇಸರ್ ಕೂಡ ಬಂದಿದೆ. ಅವೆರಡನ್ನೂ ನಾನು ನೋಡಿಲ್ಲ, ಬರೆಯುವುದಿಲ್ಲ.

ಹೀರಿದರೆ ತುದಿ ಮುಟ್ಟಿತು, ಆದರೆ ಕವಲು ಕಪ್ಪಾಗಲಿಲ್ಲ. ನಡುಗಿಸಿದರೆ ಕವಲು ಕಪ್ಪಾಯಿತು, ಆದರೆ ತುದಿಯ ಕೊನೆಯ ಗೆರೆ ಬೆಳ್ಳಗೇ ಇತ್ತು. ಇದು ನಮ್ಮ ಪಡಸಾಲೆಯ ಎರಡು ಹಲ್ಲಿನ ಮಾತು, ಇದರ ಮೇಲೆ ಏನೂ ಕಟ್ಟಬಾರದು. ಆದರೆ 2010ರಲ್ಲಿ ದೆ ಗ್ರೆಗೊರಿಯೊ ಮತ್ತು ಸಂಗಡಿಗರು ಇಂಥವೇ ಗಾಜಿನ ಹಲ್ಲುಗಳಲ್ಲಿ, ಕೃತಕವಾಗಿ ಕೊರೆದ ಕವಲುಗಳಲ್ಲಿ ಮಸಿ ಬಿಟ್ಟು ಕಂಡದ್ದೂ ಇದೇ: ತುದಿ ಮುಟ್ಟುವುದರಲ್ಲಿ ಹೀರುವುದು ಮುಂದೆ, ಕವಲಿಗೆ ನುಗ್ಗುವುದರಲ್ಲಿ ಅಲ್ಟ್ರಾಸೋನಿಕ್ ಮುಂದೆ. ಯಾವುದು ಮೇಲು ಎಂದು ಕೇಳಿದರೆ, ಟೇಲೆಂಡಿನವನನ್ನು ಕೇಳುತ್ತೀಯೋ ಲ್ಯಾಟರಲ್ಲಿನವನನ್ನೋ ಎಂದು ತಿರುಗಿ ಕೇಳಬೇಕಾಗುತ್ತದೆ.

ರೋಗಿಯನ್ನು ಕೇಳಿದರೆ ಇನ್ನೂ ಬೇರೆ. 2013ರಲ್ಲಿ ಪ್ರಕಟವಾದ ಲಿಯಾಂಗ್ ಮತ್ತು ಸಂಗಡಿಗರ ಪರೀಕ್ಷೆ ಮೇಜಿನದಲ್ಲ, ಬಾಯಿಯದು. ಒಂಟಿ ಬೇರಿನ ಹಲ್ಲುಗಳು, ಕೆಲವಕ್ಕೆ ಸಿರಿಂಜು, ಕೆಲವಕ್ಕೆ ಅಲ್ಟ್ರಾಸೋನಿಕ್. 10ರಿಂದ 19 ತಿಂಗಳ ಮೇಲೆ ಎಲುಬಿನ ಹುಣ್ಣು ಕಿರಿದಾದದ್ದು ಅಥವಾ ಮಾಯ್ದದ್ದು ಅಲ್ಟ್ರಾಸೋನಿಕ್ಕಿನಲ್ಲಿ 95.1 ಪ್ರತಿಶತ, ಸಿರಿಂಜಿನಲ್ಲಿ 88.4. ಈ ಅಂತರ ಆಕಸ್ಮಿಕವೂ ಇರಬಹುದಾದಷ್ಟೇ ಎಂದು ಅವರ ಲೆಕ್ಕ ಹೇಳಿತು. ಇದನ್ನು ಓದಿದ ರಾತ್ರಿ ನನಗೆ ತುಸು ಬೇಜಾರಾಯಿತು, ಸುಳ್ಳು ಯಾಕೆ. ಆ ಕವಲು ಕಪ್ಪಾದದ್ದನ್ನು ಕಣ್ಣಾರೆ ನೋಡಿದ್ದೆನಲ್ಲ. ಆದರೆ ಒಂಟಿ ಬೇರಿನ ಹಲ್ಲು ನೆಟ್ಟಗಿನ ಕಾಲುವೆ. ನನ್ನ ದವಡೆಹಲ್ಲಿನ ಒಂದು ಬೇರಿನಲ್ಲೇ ಎರಡು ಕಾಲುವೆ, ನಡುವೆ ಸಂದು. ಅದರ ಉತ್ತರ ಇದರಲ್ಲಿಲ್ಲ.

ಸೂಜಿಯನ್ನೇ ಬಲವಾಗಿ ಒತ್ತಿದರೆ ಗುಳ್ಳೆ ಹೋಗುವುದಿಲ್ಲವೇ ಎಂದು ಕೇಳಿದ್ದೆ. ಅವಳ ಮುಖ ಗಂಭೀರವಾಯಿತು. ತುದಿಯಲ್ಲಿ ಬಾಯಿರುವ ಸೂಜಿ ಕಾಲುವೆಗೆ ಬಿಗಿಯಾಗಿ ಸಿಕ್ಕಿಕೊಂಡಾಗ ಒತ್ತಿದರೆ ಹೈಪೊಕ್ಲೋರೈಟು ಬೇರಿನ ಆಚೆ ನುಗ್ಗುತ್ತದೆ. ಅದು ಸತ್ತ ತಿರುಳು, ಜೀವಂತ ಮಾಂಸ ಎಂದು ಭೇದ ಮಾಡುವುದಿಲ್ಲ. ಕೂತಲ್ಲೇ ಉರಿನೋವು, ನಿಮಿಷಗಳಲ್ಲಿ ಮುಖ ಊತ, ಮರುದಿನ ಕಣ್ಣಿನ ಕೆಳಗಿನ ತನಕ ಕಪ್ಪುನೀಲಿ. ಕಿಟಕಿಯ ಸೂಜಿ, ಹಗುರ ಕೈ, ಸೂಜಿ ಸಡಿಲಾಗಿ ಆಡುತ್ತಿರಬೇಕು, ಮೇಲೆ ಕೆಳಗೆ ಸರಿಯುತ್ತಿರಬೇಕು: ಇದು ಮೊದಲ ವರ್ಷದ ಪಾಠವಂತೆ. ಕಾಲುವೆಯ ಏರಿ ಒಡೆದ ರಾತ್ರಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟೇಲೆಂಡಿಗೆ ಮುಟ್ಟಲಿ ಎಂದು ಮೇಲಿಂದ ಹೆಚ್ಚು ಬಿಟ್ಟ ನೀರು ನಡುವಿನವನ ಹತ್ತಿಯ ಹೊಲದಲ್ಲಿ ನಿಂತಿರುತ್ತದೆ.

ಅವಳು ಹೋಗುವ ಹಿಂದಿನ ಸಂಜೆ ನನ್ನ ಹಲ್ಲಿನ ಶೀಶೆಯನ್ನು ಕಾಲುವೆಯ ಕಲ್ಲಿಗೇ ಒಯ್ದೆವು. ಕಾಲುವೆ ಬಂದ್ ಇತ್ತು. ತಳದ ಗುಂಡಿಯೊಂದರಲ್ಲಿ ಬೆರಳುದ್ದದ ಮೀನುಗಳು ಒದ್ದಾಡುತ್ತಿದ್ದವು, ಕೊಳದ ಬಕ ಒಂದು ಅಲ್ಲಿಂದ ಕಣ್ಣು ತೆಗೆಯದೆ ನಿಂತಿತ್ತು. ಹಲ್ಲನ್ನು ಇಕ್ಕಳದಲ್ಲಿ ಹಿಡಿದು ಮುಳುಗುವ ಸೂರ್ಯನಿಗೆ ಅಡ್ಡ ಹಿಡಿದಳು. ಮುಂದಿನ ಬೇರಿನಲ್ಲಿ ಎರಡು ಗುಲಾಬಿ ಕಡ್ಡಿ, ಆರು ವರ್ಷದ ಹಿಂದೆ ತುಂಬಿದವು, ನೆಟ್ಟಗೆ, ತುದಿಯ ತನಕ. ಎಕ್ಸ್‌ರೇಯಲ್ಲಿ ಇದು ಅಚ್ಚುಕಟ್ಟಾಗಿ ಕಂಡಿರಬೇಕು. ಪಾರದರ್ಶಕ ಮಾಡುವ ಮೊದಲು ಅವಳು ಇಡೀ ಹಲ್ಲನ್ನು ಮಸಿಯಲ್ಲಿ ಮುಳುಗಿಸಿಟ್ಟಿದ್ದಳು. ಖಾಲಿ ಇದ್ದ ಕಡೆ ಮಸಿ ಹೊಕ್ಕಿತ್ತು. ಎರಡು ಕಡ್ಡಿಗಳ ನಡುವೆ, ಬಾವಲಿಯ ರೆಕ್ಕೆಯ ತೊಗಲಿನಷ್ಟು ತೆಳುವಾಗಿ, ಕಪ್ಪು ಪರದೆಯೊಂದು. ಮೇಲಿನ ಅಂಚು ನೆಟ್ಟಗೆ, ಕೆಳಗಿನ ಅಂಚು ಹರಿದಂತೆ. ಗ್ರಾಫ್ ಕಾಗದ ಹಿಡಿದು ಅಳೆದೆ: ಉದ್ದ ನಾಲ್ಕು ಮಿಲಿಮೀಟರು, ಅಗಲ ಒಂದೂವರೆ. ದಪ್ಪ ಅಳೆಯುವ ಸಾಧನ ನನ್ನಲ್ಲಿಲ್ಲ.

"ಎರಡೂ ಕಾಲುವಿ ಚೊಲೊ ಮಾಡ್ಯಾರ, ಕಾಕಾ. ನಡುವಿಂದು ಗೊತ್ತಾಗಿಲ್ಲ ಅವರಿಗೆ."

ಬಲಗಡೆಯ ಅದೇ ಹಲ್ಲು ಈಗ ತಣ್ಣೀರಿಗೆ ಝುಂ ಎನ್ನುತ್ತಿದೆ. ಶಿವರಾತ್ರಿ ಕಳೆದು ಬಾ ಅಂದಿದ್ದಾಳೆ.

ಮರುದಿನ ಸಂಜೆ 4.10ಕ್ಕೆ ಬೆಳ್ಳಕ್ಕಿ ಬಂತು. 4.35ಕ್ಕೆ ನೀರು. ಕಲ್ಲಿನಿಂದ ಕೆಳಗೆ ಎರಡು ಮಾರಿನೊಳಗೆ ಬಿರುಕು ಹನ್ನೊಂದು. ಏಳರಲ್ಲಿ ನೀರು ಕೂಡಲೇ ಇಳಿಯಿತು. ಮೂರು ಗುಳ್ಳೆ ಬಿಟ್ಟವು. ಒಂದು ಬಿಡಲಿಲ್ಲ, ಕತ್ತಲಾಗುವ ತನಕ ಕಾದೆ.